ಬಯಲಿನ ಕ್ಯಾಮೆರಾ, ಯಾಣದ ಗವಿ

ಹಾವೇರಿ ಜಿಲ್ಲೆಯ ಛಾಯಾಗ್ರಾಹಕರ ಕೈ ಪಳಗಿದ್ದು ಬಯಲಿನಲ್ಲಿ. 1974ರಲ್ಲಿ ಘೋಷಣೆಯಾದ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯದಲ್ಲಿ ಚಂಗನೆ ನೆಗೆಯುವ ಹುಲ್ಲೆಕರ, ಬ್ಯಾಡಗಿ ಮಾರುಕಟ್ಟೆಯಲ್ಲಿ ರಾಶಿ ಬಿದ್ದ ಕೆಂಪು ಮೆಣಸಿನಕಾಯಿ: ಎರಡಕ್ಕೂ ಬೆಳಕಿನ ಬರವಿಲ್ಲ. ಹಾನಗಲ್ಲ, ಶಿರಸಿ ದಾಟಿ ಯಾಣದ ಕಾಡು ಹೊಕ್ಕ ಮೇಲೆ ಆ ಪಳಗಿದ ಕೈಗೂ ಹೊಸ ಪಾಠ ಬೇಕು. ತಂಡವನ್ನು ಕರೆದೊಯ್ಯುವವರು ದಾರಿ ಬಲ್ಲವರಾದರೆ ಸಾಲದು, ಬೆಳಕು ಬರುವ ಹೊತ್ತನ್ನೂ ಬಲ್ಲವರಾಗಿರಬೇಕು.

ಕುಮಟಾ ತಾಲ್ಲೂಕಿನ ದಟ್ಟ ಕಾಡಿನ ನಡುವೆ ಎದ್ದುನಿಂತ ಎರಡು ಕಪ್ಪು ಸುಣ್ಣಕಲ್ಲಿನ ಹೆಬ್ಬಂಡೆಗಳೇ ಯಾಣದ ಗುರುತು. ಭೈರವೇಶ್ವರ ಶಿಖರದ ಎತ್ತರ ಸುಮಾರು 120 ಮೀಟರ್, ಮೋಹಿನಿ ಶಿಖರದ್ದು ಸುಮಾರು 90. ಭೈರವೇಶ್ವರನ ಬುಡದ ಗವಿಯಲ್ಲಿ ಲಿಂಗದ ಮೇಲೆ ಬಂಡೆಯ ನೀರು ತೊಟ್ಟಿಕ್ಕುತ್ತದೆ. ಯುಗಯುಗಗಳಿಂದ ಮಳೆನೀರು ಕಲ್ಲನ್ನು ಕರಗಿಸಿದ್ದರಿಂದಲೇ ಈ ಸೀಳು, ಈ ಪೊಟರೆ, ಈ ಮೊನಚು. 1996ರ ‘ನಮ್ಮೂರ ಮಂದಾರ ಹೂವೆ’ ಚಿತ್ರದಲ್ಲಿ ನಿರ್ದೇಶಕ ಸುನೀಲ್ ಕುಮಾರ್ ದೇಸಾಯಿ ಈ ಬಂಡೆಗಳನ್ನು ನಾಡಿಗೆಲ್ಲ ತೋರಿಸಿದರು.

ಕತ್ತಲೆಯೂ ಚಿತ್ರದ ಭಾಗ

ಗವಿಯ ಸೀಳಿನಲ್ಲಿ ನಿಂತರೆ ತಲೆಯ ಮೇಲೆ ಕಣ್ಣು ಕೋರೈಸುವ ಆಕಾಶ, ಪಕ್ಕದಲ್ಲಿ ಇದ್ದಿಲಿನಂಥ ಬಂಡೆ. ಇವೆರಡನ್ನೂ ಒಂದೇ ಎಕ್ಸ್‌ಪೋಷರ್‌ನಲ್ಲಿ ಹಿಡಿಯುವುದು ಕಷ್ಟ. ಟ್ರೈಪಾಡ್ ಊರಿ, ಆಕಾಶಕ್ಕೊಂದು, ಬಂಡೆಗೊಂದು, ನಡುವಿನದಕ್ಕೊಂದು ಚಿತ್ರ ತೆಗೆದು ಆಮೇಲೆ ಕೂಡಿಸಬೇಕು. ಕ್ಯಾಮೆರಾದ ಮೇಲಿನ ಫ್ಲಾಶ್ ಹೊಡೆದರೆ ಕಲ್ಲಿನ ಉಬ್ಬುತಗ್ಗು ಚಪ್ಪಟೆಯಾಗುತ್ತದೆ. ಪಕ್ಕದಿಂದ ಟಾರ್ಚ್ ಹಾಯಿಸಿದರೆ ಒಂದೊಂದು ಗೀರೂ ಎದ್ದು ಕಾಣುತ್ತದೆ. ಸೂರ್ಯ ನೆತ್ತಿಗೇರುವವರೆಗೆ ಕಾದರೆ ಟಾರ್ಚೂ ಬೇಡ. ಎಲ್ಲ ಮೂಲೆಯನ್ನೂ ಬೆಳಗಿಸುವ ಆಸೆ ಬಿಟ್ಟವರಿಗೇ ಗವಿಯ ಆಳ ದಕ್ಕುತ್ತದೆ.

ಗಾತ್ರ ತೋರಿಸುವುದಕ್ಕೆ ಚೌಕಟ್ಟಿನೊಳಗೆ ಒಬ್ಬ ಮನುಷ್ಯ ಬೇಕು. ವಿಯೆಟ್ನಾಂ ಕಾಡಿನ ಸೊನ್ ಡೂಂಗ್ ಗುಹೆಯನ್ನು 2009ರಲ್ಲಿ ಬ್ರಿಟಿಷ್ ಗುಹಾಶೋಧಕರು ಅಳೆದ ಮೇಲೆ ಅದರ ಅಗಾಧತೆ ಜಗತ್ತಿಗೆ ಅರ್ಥವಾಗಿದ್ದು ಅಂಥ ಚಿತ್ರಗಳಿಂದ. ಕೆಲವೆಡೆ 200 ಮೀಟರಿಗೂ ಎತ್ತರವಿರುವ ಆ ಗವಿಯಲ್ಲಿ ದೀಪ ಹಿಡಿದ ಸಹಚರ ಇರುವೆಯಷ್ಟು ಕಾಣುತ್ತಾನೆ. ಯಾಣದಲ್ಲೂ ತಂಡದ ಒಬ್ಬರನ್ನು ಸೀಳಿನ ತುದಿಯಲ್ಲಿ ನಿಲ್ಲಿಸಿದರೆ ಬಂಡೆಯ ಎತ್ತರಕ್ಕೆ ಅಳತೆಗೋಲು ಸಿಗುತ್ತದೆ.

ಹೆಜ್ಜೇನಿನ ಮನೆ

ಈ ಬಂಡೆಗಳ ಮೈಮೇಲೆ ಹೆಜ್ಜೇನು ತಟ್ಟಿ ಕಟ್ಟುತ್ತವೆ. ಹಾಗಾಗಿ ಹೊಗೆ, ಗದ್ದಲ, ಘಾಟು ಸೆಂಟು ಯಾವುದೂ ಸಲ್ಲದು. ಡ್ರೋನ್ ಅಂತೂ ಬೇಡವೇ ಬೇಡ. ಗವಿಯೊಳಗಿನ ಬಾವಲಿಗಳ ಮುಖಕ್ಕೆ ಬೆಳಕು ಹಾಯಿಸಕೂಡದು. ಮಳೆಗಾಲದಲ್ಲಿ ಕಲ್ಲು ಪಾಚಿಗಟ್ಟುತ್ತದೆ, ಇಂಬಳವೂ ಹತ್ತುತ್ತದೆ. ಮಳೆ ಬಿಟ್ಟ ಮೇಲಿನ ಚಳಿಗಾಲವೇ ಹೊಸಬರಿಗೆ ಸರಿಯಾದ ಕಾಲ. ಶಿವರಾತ್ರಿಗೆ ಇಲ್ಲಿ ಜಾತ್ರೆ ನೆರೆಯುತ್ತದೆ. ಅಂದು ಟ್ರೈಪಾಡ್ ಊರಿ ಭಕ್ತರ ದಾರಿ ಕಟ್ಟುವುದು ಅನ್ಯಾಯ.

ಆದ್ದರಿಂದ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಕ್ಯಾಮೆರಾ ಗೆಳೆಯರಿಗೆ ನನ್ನ ಕಳಕಳಿಯ ಮಾತು ಇಷ್ಟೇ. ಸಣ್ಣ ತಂಡ ಕಟ್ಟಿಕೊಳ್ಳಿ. ಸ್ಥಳೀಯರನ್ನು ಜೊತೆಗೆ ಕರೆದುಕೊಳ್ಳಿ, ಅರಣ್ಯ ಇಲಾಖೆಯ ನಿಯಮ ಕೇಳಿಯೇ ಹೊರಡಿ. ಜೇನುಹುಳು ಎದ್ದ ಸೂಚನೆ ಸಿಕ್ಕರೆ ಎಂಥ ಬೆಳಕಿದ್ದರೂ ತಂಡವನ್ನು ಹಿಂದಕ್ಕೆ ಕರೆತನ್ನಿ. ಆ ತೀರ್ಮಾನವನ್ನು ತಡಮಾಡದೆ ತೆಗೆದುಕೊಳ್ಳಬಲ್ಲವರೇ ತಂಡದ ಮುಂದೆ ನಡೆಯಲಿ.