ತರಬೇತಿ ಹ್ಯಾಂಗಿತ್ತು? ಊಟ ಚಲೋ ಇತ್ತು!

ನಮ್ಮವ್ವ ಸಿಂದಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಕಳೆದ ಸಲ ಊರಿಗೆ ಹೋದಾಗ ಅವ್ವ ಆಗಷ್ಟೇ ಒಂದು ಸರ್ಕಾರಿ ತರಬೇತಿ ಮುಗಿಸಿ ಬಂದಿದ್ದಳು.

“ಯವ್ವಾ, ಟ್ರೇನಿಂಗ್ ಹ್ಯಾಂಗಿತ್ತು?”

“ಊಟ ಚಲೋ ಇತ್ತ ನೋಡಪಾ. ಶಿರಾ ಮಾಡಿಸಿದ್ರು.”

“ಕೊನೀಗೆ ಫಾರ್ಮ್ ಕೊಟ್ಟಿರಬೇಕಲ್ಲ?”

“ಕೊಟ್ರು. ಎಲ್ಲಾರೂ ‘ಉತ್ತಮ’ ಅಂತ ಟಿಕ್ ಹಾಕಿದ್ವಿ. ಬಸ್ಸಿಗೆ ಹೊತ್ತಾಗಿತ್ತು.”

ನಗು ಬಂತು. ಆದರೆ ಆ ತರಬೇತಿಗೆ ಖರ್ಚಾಗಿದ್ದು ನಮ್ಮೆಲ್ಲರ ತೆರಿಗೆ ಹಣ. ಅದು ಫಲ ಕೊಟ್ಟಿತೋ ಇಲ್ಲವೋ ಅಂತ ಆ ಟಿಕ್ ಹೇಳುತ್ತದಾ?

ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ಇದಕ್ಕೆ ನಾಲ್ಕು ಮೆಟ್ಟಿಲು ತೋರಿಸಿದ್ದರು. ತರಬೇತಿ ಹಿಡಿಸಿತಾ? ಏನಾದರೂ ಕಲಿತರಾ? ಕೆಲಸದಲ್ಲಿ ಅದನ್ನು ಬಳಸಿದರಾ? ಕೊನೆಗೆ ಯಾರಿಗೆ ಒಳ್ಳೆಯದಾಯಿತು? ಅವ್ವನ ಫಾರ್ಮ್ ಮೊದಲ ಮೆಟ್ಟಿಲಲ್ಲೇ ಕೂತಿತ್ತು.

ಎರಡನೆಯದನ್ನು ನಾನೇ ಕೇಳಿದೆ. “ಎರಡು ವರ್ಷದೊಳಗಿನ ಕೂಸಿನ ಉದ್ದ ಮಲಗಿಸಿ ಅಳೀಬೇಕು, ಮ್ಯಾಲಿನವರನ್ನ ನಿಂದ್ರಿಸಿ” ಅಂದಳು. ಸರಿಯುತ್ತರ!

ಮರುದಿನ ಅಂಗನವಾಡಿಗೆ ಹೋದೆ. ಸಹಾಯಕಿ ಒಲೆ ಮುಂದಿದ್ದರು. ಒಂದೂವರೆ ವರ್ಷದ ಕೂಸನ್ನು ಅಳತೆ ಹಲಗೆ ಮೇಲೆ ಮಲಗಿಸಿ ಅವ್ವ ಒಬ್ಬಳೇ ಒದ್ದಾಡುತ್ತಿದ್ದಳು. ತಲೆ ಹಿಡಿದರೆ ಕಾಲು ಮಡಚುತ್ತದೆ, ಕಾಲು ಹಿಡಿದರೆ ತಲೆ ಜಾರುತ್ತದೆ. ಈ ಕೆಲಸಕ್ಕೆ ಇಬ್ಬರು ಬೇಕೇ ಬೇಕು. ಸಹಾಯಕಿಯನ್ನು ಕರೆದು ಇಬ್ಬರೂ ಸೇರಿ ಮತ್ತೆ ಅಳೆದಾಗ ಎರಡು ಸೆಂಟಿಮೀಟರ್ ಹೆಚ್ಚು ಬಂತು.

ಎರಡು ಸೆಂಟಿಮೀಟರ್ ಏನು ಮಹಾ ಅನ್ನಬೇಡಿ. ಪೋಷಣ್ ಟ್ರ್ಯಾಕರ್ ಆ್ಯಪಿಗೆ ಹೋಗುವುದು ಇದೇ ಸಂಖ್ಯೆ. ಉದ್ದ ಕಡಿಮೆ ಬರೆದರೆ, ಅಷ್ಟು ಉದ್ದಕ್ಕೆ ಈ ತೂಕ ಸಾಕು ಅನ್ನಿಸುತ್ತದೆ. ಸೊರಗಿದ ಕೂಸಿನ ಹೆಸರು ಪಟ್ಟಿಯಿಂದ ತಪ್ಪಿಹೋಗಬಹುದು.

“ಟ್ರೇನಿಂಗ್‌ನ್ಯಾಗ ಹ್ಯಾಂಗ ತೋರಿಸಿದ್ರು?”

“ಗೊಂಬಿ ಇಟ್ಟು ತೋರಿಸಿದ್ರು. ಗೊಂಬಿ ಅಳೂದಿಲ್ಲಲ್ಲಪಾ!”

ತಪ್ಪು ಅವ್ವನದಲ್ಲ. ಕಲಿತದ್ದು ತಲೆಯಲ್ಲಿತ್ತು, ಕೈಗೆ ಬರಲು ಇನ್ನೊಂದು ಕೈ ಬೇಕಿತ್ತು. ಇದು ಮೂರನೇ ಮೆಟ್ಟಿಲಿಗೆ ಹೋದಾಗ ಮಾತ್ರ ಕಾಣುವ ಸಂಗತಿ.

2023ರ ಮೇ ತಿಂಗಳಲ್ಲಿ ಶುರುವಾದ ‘ಪೋಷಣ್ ಭೀ ಪಢಾಯಿ ಭೀ’ಯಂಥ ಕಾರ್ಯಕ್ರಮಗಳಲ್ಲಿ ಮೊದಲು ಮಾಸ್ಟರ್ ಟ್ರೇನರ್‌ಗಳಿಗೆ ತರಬೇತಿ, ಅವರಿಂದ ಕಾರ್ಯಕರ್ತೆಯರಿಗೆ. ಹೀಗೆ ಕೈಯಿಂದ ಕೈಗೆ ದಾಟುವಾಗ ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕೊನೇ ಹಳ್ಳಿಗೆ ಎಷ್ಟು ತಲುಪಿತು ಅನ್ನುವುದು ಹಾಜರಿ ಪುಸ್ತಕದಲ್ಲಿ ಸಿಗುವುದಿಲ್ಲ.

ದಾರಿ ಕಷ್ಟದ್ದೇನಲ್ಲ. ತರಬೇತಿಗೆ ಮೊದಲು ಕಾರ್ಯಕರ್ತೆ ಹತ್ತು ಮಕ್ಕಳನ್ನು ಅಳೆಯಲಿ. ಅದೇ ದಿನ ಮೇಲ್ವಿಚಾರಕಿ ಆ ಸಂಖ್ಯೆ ನೋಡದೆ ಅದೇ ಮಕ್ಕಳನ್ನು ಅಳೆಯಲಿ. ಮೂರು ತಿಂಗಳ ನಂತರ ಇನ್ನೊಮ್ಮೆ ಹಾಗೇ ಮಾಡಲಿ. ಇಬ್ಬರ ಅಳತೆಯ ಅಂತರ ಇಳಿದಿದ್ದರೆ ತರಬೇತಿ ಗೆದ್ದಂತೆ. ಇಳಿಯದಿದ್ದರೆ ಬೈಯುವುದಲ್ಲ, ಕಾರಣ ಕೇಳಬೇಕು. ಬೈದರೆ ಮುಂದಿನ ಸಲ ಸಂಖ್ಯೆ ಸರಿಹೊಂದುತ್ತದೆ, ಕೂಸು ಹಾಗೇ ಉಳಿಯುತ್ತದೆ.

ಇದನ್ನೆಲ್ಲ ಹೇಳಿದಾಗ ಅವ್ವ ಕೇಳಿದಳು: “ಅಂದ್ರ ಪರೀಕ್ಷಾ ನನಗೋ, ಟ್ರೇನಿಂಗಿಗೋ?”

“ಟ್ರೇನಿಂಗಿಗೆ.”

“ಹಂಗಿದ್ರ ಬರಲಿ ಬಿಡು.”

ನಿಮ್ಮ ಮನೆಯಲ್ಲೂ ಯಾರಾದರೂ ತರಬೇತಿ ಮುಗಿಸಿ ಬಂದರೆ ಊಟದ ಬಗ್ಗೆ ಖಂಡಿತ ಕೇಳಿ. ಮೂರು ತಿಂಗಳು ಬಿಟ್ಟು, ಕೆಲಸದಲ್ಲಿ ಏನು ಬದಲಾಯಿತು ಅಂತಲೂ ಕೇಳಿ.