ಹಿತ್ತಲ ಹಣ್ಣಿಗೆ ಬಟ್ಟೆಯ ಕವಚ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಹಿತ್ತಲುಗಳಲ್ಲಿ ಪೇರಲ, ಚಿಕ್ಕು, ಮಾವು ಸಾಮಾನ್ಯ. ಆದರೆ ಹಣ್ಣು ಪಕ್ವವಾಗುವಷ್ಟರಲ್ಲಿ ಹಲವನ್ನು ಗಿಳಿ, ಬಾವಲಿಗಳು ತಿನ್ನುತ್ತವೆ. ಉಳಿದವುಗಳಲ್ಲಿ ಹುಳು ಕಾಣುತ್ತದೆ. ಹಾಗೆಂದು ವಿಷ ಸಿಂಪಡಿಸುವುದು ಸಲ್ಲದು. ಅದು ಮಕ್ಕಳು ಕಿತ್ತೊಡನೆ ತಿನ್ನುವ ಹಣ್ಣು.

ಇದಕ್ಕೆ ದಾರಿಯನ್ನು ನಮ್ಮ ಅಡಿಕೆ ತೋಟಗಳೇ ತೋರಿಸಿವೆ. ಮಳೆಗಾಲದ ಕೊಳೆರೋಗದಿಂದ ಕೊನೆಗಳನ್ನು ಉಳಿಸಲು ಕೊಟ್ಟೆ ಕಟ್ಟುವುದು ಈ ಸೀಮೆಯ ಹಳೆಯ ಪದ್ಧತಿ. ಹಣ್ಣಿಗೂ ಅದೇ ನ್ಯಾಯ ಸಲ್ಲುತ್ತದೆ.

ಹುಳುವಿಗೆ ಮುಖ್ಯ ಕಾರಣ ಹಣ್ಣುನೊಣ. ಹೆಣ್ಣು ನೊಣವು ಬಲಿಯುತ್ತಿರುವ ಕಾಯಿಯ ಸಿಪ್ಪೆಯಡಿ ಮೊಟ್ಟೆಯಿಡುತ್ತದೆ. ಮರಿಹುಳುಗಳು ತಿರುಳನ್ನು ತಿಂದು, ಮಣ್ಣನ್ನು ಸೇರಿ ಕೋಶಾವಸ್ಥೆ ತಾಳಿ, ಮತ್ತೆ ನೊಣಗಳಾಗಿ ಹೊರಬರುತ್ತವೆ. ಆದುದರಿಂದ ಪೇರಲ ಕಾಯಿ ನಿಂಬೆಯ ಗಾತ್ರಕ್ಕೆ ಬಂದಾಗಲೇ ಹಳೆಯ ಪಂಚೆ, ಸೀರೆಗಳ ತೆಳುಬಟ್ಟೆಯಿಂದ ಹೊಲಿದ ಚೀಲ ತೊಡಿಸಿ, ತೊಟ್ಟಿನ ಬಳಿ ದಾರ ಬಿಗಿಯಬೇಕು. ಕಾಗದದ ಚೀಲ ಮಲೆನಾಡಿನ ಮಳೆಗೆ ನಿಲ್ಲದು. ರಂಧ್ರವಿಲ್ಲದ ಪ್ಲಾಸ್ಟಿಕ್ಕಿನಲ್ಲಿ ಹಣ್ಣು ಬೆವರಿ ಕೊಳೆಯುತ್ತದೆ. ಉದುರಿದ ಹಣ್ಣುಗಳನ್ನು ದಿನವೂ ಆಯ್ದು 2 ಅಡಿ ಆಳದಲ್ಲಿ ಹೂಳಬೇಕು. ಅಂಗಡಿಯಲ್ಲಿ ದೊರೆಯುವ ಮೀಥೈಲ್ ಯುಜಿನಾಲ್ ಬಲೆಗೆ ಗಂಡು ನೊಣಗಳಷ್ಟೇ ಬೀಳುವುದರಿಂದ ಅದೊಂದನ್ನೇ ನೆಚ್ಚಿ ಕೂರಲಾಗದು.

ಎತ್ತರದ ಕೊಂಬೆಗಳಿಗೆ ಚೀಲ ಕಟ್ಟುವುದು ಕಷ್ಟ. ಅಲ್ಲಿಯ ಹಣ್ಣು ಹಕ್ಕಿಗಳಿಗಿರಲಿ. ಮರಕ್ಕೆ ಸಡಿಲವಾಗಿ ಬಲೆ ಹೊದಿಸಿದರೆ ಹಕ್ಕಿ, ಬಾವಲಿಗಳು ಸಿಲುಕಿ ಸಾಯುತ್ತವೆ. ಹಣ್ಣು ತಿಂದು, ಬೀಜ ಹರಡಿ ಕಾಡನ್ನು ಬೆಳೆಸುವ ಜೀವಗಳವು. ಕೈಗೆಟಕುವುದನ್ನು ಕಾಯ್ದುಕೊಂಡು ಉಳಿದುದನ್ನು ಅವುಗಳೊಡನೆ ಹಂಚಿಕೊಳ್ಳುವುದು ದಾಸೋಹವನ್ನು ಬಲ್ಲ ಗೃಹಸ್ಥರಿಗೆ ಭಾರವಾಗಲಾರದು.