ಕಾಂಡ್ಲಾ ಕಾಡು: ಲೆಕ್ಕದ ಪುಸ್ತಕಕ್ಕೆ ಬಾರದ ಆಸ್ತಿ

(ಪಾಡ್‌ಕಾಸ್ಟ್ ಎಪಿಸೋಡ್‌ನ ಬರಹ ರೂಪ)

ಇವತ್ತು ಒಂದು ಕಾಡಿನ ಕಥೆ. ಹುಲಿ, ಆನೆ ಇರೋ ಕಾಡಲ್ಲ. ದಿನಕ್ಕೆರಡು ಸಲ ಉಪ್ಪು ನೀರಲ್ಲಿ ಮುಳುಗಿ ಏಳೋ ಕಾಡು. ಇಂಗ್ಲಿಷ್‌ನಲ್ಲಿ ಮ್ಯಾಂಗ್ರೋವ್, ನಮ್ಮ ಕರಾವಳಿಯವರ ಬಾಯಲ್ಲಿ ಕಾಂಡ್ಲಾ.

ಸ್ವಲ್ಪ ದಿನದ ಹಿಂದೆ ಕುಮಟಾ ಕಡೆ ಹೋಗಿದ್ದೆ, ಅಘನಾಶಿನಿ ನದಿ ಸಮುದ್ರ ಸೇರೋ ಅಳಿವೆಗೆ. ಇಳಿತದ ಹೊತ್ತು. ಒಬ್ಬರು ವಯಸ್ಸಾದ ಅಮ್ಮ ಕೆಸರಲ್ಲಿ ಬಗ್ಗಿ ಬಳಚು ಆರಿಸ್ತಿದ್ರು. ನಾನು ಪೇಟೆಯವನ ತರಾನೇ ಕೇಳಿದೆ: "ಅಮ್ಮಾ, ಈ ಗಿಡದಿಂದ ಏನು ಉಪಯೋಗ? ಹಣ್ಣೂ ಇಲ್ಲ, ಹೂವೂ ಮಾರೋಕಾಗಲ್ಲ." ಅವರು ತಲೆ ಎತ್ತದೆ ಹೇಳಿದ್ರು: "ತಮಾ, ಇದು ಇಲ್ದಿದ್ರೆ ಮೀನಿನ ಮರಿ ಎಲ್ಲಿ ಅಡಗ್ತದೆ?"

ಬಿ.ಕಾಂ ಓದಿದವನು ನಾನು. ಆಸ್ತಿ ಯಾವುದು, ಆದಾಯ ಯಾವುದು ಅಂತ ಮೂರು ವರ್ಷ ಬರೆದಿದ್ದೀನಿ. ಆದ್ರೆ ಆ ಒಂದು ಪ್ರಶ್ನೆಗೆ ನನ್ನ ಬ್ಯಾಲೆನ್ಸ್ ಶೀಟ್‌ನಲ್ಲಿ ಜಾಗ ಇರ್ಲಿಲ್ಲ.

ಉಪ್ಪು ನೀರಲ್ಲಿ ಮರ ಬದುಕೋದು ಹೇಗೆ?

ಮನೆಯ ತುಳಸಿ ಗಿಡಕ್ಕೆ ಉಪ್ಪು ನೀರು ಹಾಕಿ ನೋಡಿ, ಸತ್ತೇ ಹೋಗುತ್ತೆ. ಕಾಂಡ್ಲಾ ಸಾಯಲ್ಲ. ಕೆಲವು ಜಾತಿಗಳು ಬೇರಿನಲ್ಲೇ ಉಪ್ಪನ್ನು ಸೋಸುತ್ತವೆ. ಇನ್ನು ಕೆಲವು ಒಳಗೆ ಬಂದ ಉಪ್ಪನ್ನು ಎಲೆಯ ಮೂಲಕ ಹೊರಗೆ ಹಾಕ್ತವೆ. ಅಂಥ ಎಲೆ ಮುಟ್ಟಿ ನಾಲಗೆಗೆ ತಾಗಿಸಿದ್ರೆ ಉಪ್ಪುಪ್ಪು.

ಎರಡನೇ ತೊಂದರೆ ಗಾಳಿ. ಕೆಸರಿನೊಳಗೆ ಆಮ್ಲಜನಕ ಕಡಿಮೆ. ಅದಕ್ಕೇ ಬೇರುಗಳು ಮೇಲಕ್ಕೆ ಬಂದಿವೆ. ಕೆಲವು ಊರುಗೋಲಿನ ಹಾಗೆ ಕಾಂಡದಿಂದ ಇಳಿದಿವೆ, ಕೆಲವು ಪೆನ್ಸಿಲ್ ನೆಟ್ಟ ಹಾಗೆ ಕೆಸರಿನಿಂದ ಎದ್ದು ಉಸಿರಾಡ್ತವೆ. ಇನ್ನೊಂದು ಮಜಾ ಇದೆ. ಕೆಲವು ಜಾತಿಗಳಲ್ಲಿ ಬೀಜ ತಾಯಿ ಮರದ ಮೇಲೇ ಮೊಳಕೆ ಒಡೆದು, ನುಗ್ಗೆಕಾಯಿ ತರ ಉದ್ದಕ್ಕೆ ಬೆಳೆದು, ಆಮೇಲೆ ಕೆಳಗೆ ಬೀಳುತ್ತೆ. ಕೆಸರಿಗೆ ಚುಚ್ಚಿಕೊಂಡ್ರೆ ಅಲ್ಲೇ ಬೇರು, ನೀರಿಗೆ ಬಿದ್ರೆ ತೇಲಿಕೊಂಡು ಬೇರೆ ಊರು.

ಈ ಬೇರುಗಳ ಜಾಲವೇ ಅಸಲಿ ವಿಷಯ. ಸಿಗಡಿ, ಏಡಿ, ಮೀನಿನ ಮರಿಗಳು ದೊಡ್ಡ ಮೀನಿನಿಂದ ತಪ್ಪಿಸಿಕೊಳ್ಳೋದು ಅಲ್ಲಿ. ಉದುರಿದ ಎಲೆ ಕೊಳೆತು ಅವಕ್ಕೆ ಆಹಾರ ಆಗುತ್ತೆ. ನದಿ ತಂದ ಮಣ್ಣು ಬೇರಿಗೆ ಸಿಕ್ಕಿ ನಿಲ್ಲುತ್ತೆ, ದಡ ಕೊಚ್ಚಿ ಹೋಗಲ್ಲ. ಜೊತೆಗೆ ಕೆಸರಿನಲ್ಲಿ ಇಂಗಾಲ ತುಂಬಾ ಕಾಲ ಹೂತು ಇರುತ್ತೆ. ಕಾಡು ಕಡಿದು ಕೆಸರು ಅಗೆದ್ರೆ ಅದು ಮತ್ತೆ ಗಾಳಿಗೆ.

1999ರ ಒಡಿಶಾ ಸೂಪರ್ ಸೈಕ್ಲೋನ್ ನೆನಪಿದೆಯಾ? ನಮ್ಮಲ್ಲಿ ಹಲವರು ಆಗ ಇನ್ನೂ ಅಂಗನವಾಡಿ. ಕೇಂದ್ರಪಾಡ ಜಿಲ್ಲೆಯ ಹಳ್ಳಿಗಳನ್ನು ಆಮೇಲೆ ಸಂಶೋಧಕರು ಹೋಲಿಸಿ ನೋಡಿದ್ರು. ಸಮುದ್ರಕ್ಕೂ ಊರಿಗೂ ನಡುವೆ ಮ್ಯಾಂಗ್ರೋವ್ ಪಟ್ಟಿ ಅಗಲವಾಗಿದ್ದ ಕಡೆ ಸಾವು ಕಡಿಮೆ. ಮುನ್ನೆಚ್ಚರಿಕೆ ಕೊಟ್ಟಿದ್ದು ಇನ್ನೂ ಹೆಚ್ಚು ಜೀವ ಉಳಿಸಿತು ಅಂತಲೂ ಅದೇ ಅಧ್ಯಯನ ಹೇಳುತ್ತೆ. ಅಂದ್ರೆ ಕಾಡು ಮಂತ್ರದ ಗೋಡೆ ಅಲ್ಲ. ಆದ್ರೆ ಗೋಡೆ ಹೌದು.

ಹಾಗಾದ್ರೆ ಕಳೆದುಕೊಂಡಿದ್ದು ಹೇಗೆ?

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕದಲ್ಲಿ, 1980ರಿಂದ 2005ರ ನಡುವೆ ಜಗತ್ತು ಸುಮಾರು 36 ಲಕ್ಷ ಹೆಕ್ಟೇರ್ ಮ್ಯಾಂಗ್ರೋವ್ ಕಳೆದುಕೊಂಡಿತು. ಇದ್ದದ್ದರಲ್ಲಿ ಐದನೇ ಒಂದು ಭಾಗ. ಸಿಗಡಿ ಕೆರೆ, ಬೇಸಾಯ, ಬಂದರು, ರೆಸಾರ್ಟ್, ಕಾರಣಗಳ ಪಟ್ಟಿ ದೊಡ್ಡದು.

ನಮ್ಮ ಅಘನಾಶಿನಿಯಲ್ಲಿ ಕಥೆ ಗಜನಿ ಗದ್ದೆಯಿಂದ ಶುರು. ಅಳಿವೆಯ ಪಕ್ಕ ಮಣ್ಣಿನ ಕಟ್ಟೆ ಹಾಕಿ, ಮಳೆಗಾಲದಲ್ಲಿ ಉಪ್ಪು ತಡೆಯೋ ಕಗ್ಗ ಭತ್ತ, ಕಟಾವಿನ ನಂತರ ಅದೇ ಗದ್ದೆಗೆ ಉಬ್ಬರದ ನೀರು ಬಿಟ್ಟು ಮೀನು, ಸಿಗಡಿ. ಮಣ್ಣಿನ ಕಟ್ಟೆ ಅಲೆಗೆ ಕರಗಬಾರದಲ್ಲ, ಅದಕ್ಕೆ ಹೊರಗಡೆ ಕಾಂಡ್ಲಾ ಕಾವಲು. ಭತ್ತ, ಮೀನು, ಕಾಡು, ಮೂರೂ ಒಂದೇ ವ್ಯವಸ್ಥೆ.

1970ರ ದಶಕದಲ್ಲಿ ಗಟ್ಟಿಯಾದ ಕಾಯಂ ಕಟ್ಟೆಗಳು ಬಂದವು. ಕಲ್ಲೇ ಕಾಯುವಾಗ ಮರ ಯಾಕೆ? ಆಮೇಲೆ ಸಿಗಡಿಗೆ ರಫ್ತಿನ ಬೆಲೆ ಬಂತು. ಭತ್ತ ಬಿಟ್ಟು ಗದ್ದೆಗಳು ಸಿಗಡಿ ಕೆರೆಗಳಾದವು. 90ರ ದಶಕದ ಮಧ್ಯದಲ್ಲಿ ಬಿಳಿಚುಕ್ಕಿ ವೈರಸ್ ರೋಗ ದೇಶದ ಸಿಗಡಿ ಸಾಕಣೆಯನ್ನೇ ಹೊಡೆದು ಹಾಕಿತು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಕರಾವಳಿ ನಿಯಂತ್ರಣ ವಲಯದೊಳಗಿನ ಸಿಗಡಿ ಉದ್ಯಮವನ್ನು, ಸಾಂಪ್ರದಾಯಿಕ ವಿಧಾನ ಬಿಟ್ಟು, ತೆರವು ಮಾಡಿ ಅಂತ ತೀರ್ಪು ಕೊಟ್ಟಿತು. ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳೋದಾದ್ರೆ, ಎಫ್‌ಡಿ ಮುರಿದು ಒಂದೇ ಶೇರಿಗೆ ಹಾಕಿದ ಹಾಗೆ.

ಈಗ ಏನು ಉಳಿದಿದೆ?

2021ರ ಅರಣ್ಯ ಸಮೀಕ್ಷೆ ಪ್ರಕಾರ ಭಾರತದಲ್ಲಿ ಮ್ಯಾಂಗ್ರೋವ್ 4,992 ಚದರ ಕಿಲೋಮೀಟರ್. ಕರ್ನಾಟಕದ ಪಾಲು ಬರೀ 13. ನೂರಕ್ಕೆ ಅರ್ಧವೂ ಇಲ್ಲ. ಒಳ್ಳೆ ಸುದ್ದಿ ಅಂದ್ರೆ ಅದು ಹಿಂದಿನ ಸಮೀಕ್ಷೆಗಿಂತ ಜಾಸ್ತಿ, ಅರಣ್ಯ ಇಲಾಖೆಯ ನೆಡುತೋಪಿನ ಪಾತ್ರ ಅದರಲ್ಲಿದೆ. 2023ರ ಬಜೆಟ್‌ನಲ್ಲಿ ಕೇಂದ್ರ 'ಮಿಷ್ಟಿ' ಅನ್ನೋ ಮ್ಯಾಂಗ್ರೋವ್ ಯೋಜನೆ ಘೋಷಿಸಿತು. 2024ರಲ್ಲಿ ಅಘನಾಶಿನಿ ಅಳಿವೆಗೆ ರಾಮ್ಸಾರ್ ತಾಣದ ಮಾನ್ಯತೆ ಸಿಕ್ಕಿತು. 4,801 ಹೆಕ್ಟೇರ್ ಜಾಗ, 6,000ದಿಂದ 7,500 ಕುಟುಂಬಗಳ ಹೊಟ್ಟೆಪಾಡು.

ಆದ್ರೆ ಇಲ್ಲೊಂದು ಸೂಕ್ಷ್ಮ ಇದೆ, ಇದನ್ನ ದಯವಿಟ್ಟು ಸ್ಕಿಪ್ ಮಾಡ್ಬೇಡಿ. ಗಿಡ ನೆಡೋದು ಯಾವಾಗ್ಲೂ ಪುಣ್ಯದ ಕೆಲಸ ಅಲ್ಲ. ಆ ಅಮ್ಮ ಬಳಚು ಆರಿಸ್ತಿದ್ದ ಜಾಗ ಬಯಲು ಕೆಸರು. ಅದು ಖಾಲಿ ಜಾಗ ಅಲ್ಲ, ಅವರ ಹೊಲ. ಅಲ್ಲಿ ಸಾಲಾಗಿ ಕಾಂಡ್ಲಾ ನೆಟ್ರೆ ಫೋಟೋ ಚೆನ್ನಾಗಿ ಬರುತ್ತೆ, ಬಳಚು ಹೋಗುತ್ತೆ. ಒಂದೇ ಜಾತಿ ನೆಟ್ರೆ ತೋಟ ಆಗುತ್ತೆ, ಕಾಡಾಗಲ್ಲ. ಎಲ್ಲಿ ಮೊದಲು ಕಾಂಡ್ಲಾ ಇತ್ತೋ, ಎಲ್ಲಿ ಕಟ್ಟೆಯ ಹೊರಗೆ ಬೋಳಾಗಿದೆಯೋ, ಅಲ್ಲಿ ಉಬ್ಬರದ ನೀರು ಸರಿಯಾಗಿ ಹರಿಯೋಕೆ ಬಿಟ್ರೆ ಎಷ್ಟೋ ಕಡೆ ಬೀಜ ತಾನೇ ಬಂದು ಕೂರುತ್ತೆ. ಎಲ್ಲಿ ನೆಡ್ಬೇಕು, ಎಲ್ಲಿ ಬಿಡ್ಬೇಕು ಅಂತ ಮೊದಲು ಕೇಳ್ಬೇಕಾದ್ದು ದಿನಾ ಆ ಕೆಸರಿಗೆ ಇಳಿಯೋರನ್ನ.

ನೀವೇನು ಮಾಡ್ಬಹುದು? ಹೊನ್ನಾವರದಲ್ಲಿ ಶರಾವತಿ ಕಾಂಡ್ಲಾ ನಡಿಗೆ ಹಾದಿ ಇದೆ, ಮರದ ಸೇತುವೆ ಮೇಲೆ ಕಾಡಿನ ಒಳಗೇ ಹೋಗ್ಬಹುದು. ಗೋಕರ್ಣ, ಮುರುಡೇಶ್ವರ ಟ್ರಿಪ್‌ನಲ್ಲಿ ಒಂದು ಗಂಟೆ ಅದಕ್ಕೆ ಕೊಡಿ. ಪ್ಲಾಸ್ಟಿಕ್ ಬಾಟಲಿ ಮಾತ್ರ ಅಲ್ಲಿ ಬಿಡ್ಬೇಡಿ, ಉಸಿರಾಡೋ ಬೇರಿಗೆ ಅದೇ ಸುತ್ತಿಕೊಳ್ಳುತ್ತೆ. ಕರಾವಳಿಯವರಾಗಿದ್ರೆ ಇದೂ ಗೊತ್ತಿರ್ಲಿ: 1,000 ಚದರ ಮೀಟರ್‌ಗಿಂತ ದೊಡ್ಡ ಮ್ಯಾಂಗ್ರೋವ್ ಇದ್ರೆ ಸುತ್ತ 50 ಮೀಟರ್ ರಕ್ಷಣಾ ಪಟ್ಟಿ ಇರ್ಬೇಕು ಅಂತ 2011ರ ಸಿಆರ್‌ಝಡ್ ಅಧಿಸೂಚನೆಯಲ್ಲೇ ಬರೆದಿತ್ತು. ನಿಮ್ಮೂರಲ್ಲಿ ರಾತ್ರೋರಾತ್ರಿ ಮಣ್ಣು ಬಿದ್ರೆ ಗ್ರಾಮಸಭೆಯಲ್ಲಿ ಎದ್ದು ಕೇಳೋಕೆ ಇಷ್ಟು ಸಾಕು.

ಮುಂದಿನ ಸಲ ತಟ್ಟೆಗೆ ಸಿಗಡಿ ಸುಕ್ಕ ಬಂದಾಗ ಆ ಅಮ್ಮನ ಪ್ರಶ್ನೆ ನೆನಪಾಗ್ಲಿ. ನಿಮ್ಮೂರ ಕಡೆ ಕಾಂಡ್ಲಾಗೆ ಬೇರೆ ಹೆಸರಿದ್ರೆ ವಾಯ್ಸ್ ನೋಟ್ ಕಳಿಸಿ, ಮುಂದಿನ ಎಪಿಸೋಡ್‌ನಲ್ಲಿ ಹಾಕ್ತೀನಿ.